ಒಂದೇ ಹೆಸರಿನ ಎರಡು ಪುಸ್ತಕಗಳು

“ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು” ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಪತ್ತೇದಾರಿ ಕಥೆಗಳ ಸಾರವೆಲ್ಲ ಈ ಒಂದು ಗಾದೆಯಲ್ಲಿ ಅಡಗಿದೆ. ಆದರೆ ಪತ್ತೇದಾರಿ ಪುಸ್ತಕವನ್ನೇ ಪ್ರಮಾಣಿಸಿ ನೋಡಬೇಕಾದ ಸಂದರ್ಭ ಈ ವರ್ಷ ನಮಗೆ ಬಂತು.

ಬೇಸಿಗೆ ರಜೆಗೆ ಮುನ್ನ ಪೋಷಕರೊಬ್ಬರು ಶಾಲೆಯ ಗ್ರಂಥಾಲಯಕ್ಕೆ ಒಂದು ಪೆಟ್ಟಿಗೆ ತುಂಬ ಹಳೆಯ ಪುಸ್ತಕಗಳನ್ನು ಕೊಟ್ಟರು. ಅದರಲ್ಲಿ ನ್ಯಾನ್ಸಿ ಡ್ರೂ ಸರಣಿಯ ಮೊದಲ ಪುಸ್ತಕ ‘ದಿ ಸೀಕ್ರೆಟ್ ಆಫ್ ದಿ ಓಲ್ಡ್ ಕ್ಲಾಕ್’ ಇತ್ತು. ಅದರ ಇನ್ನೊಂದು ಪ್ರತಿ ನಮ್ಮ ಕಪಾಟಿನಲ್ಲಿ ಮೊದಲೇ ಇತ್ತು. ಎರಡನ್ನೂ ಮನೆಗೆ ಒಯ್ದ ಏಳನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ವಾರದ ನಂತರ ಬಂದು ಕೇಳಿದಳು: “ಮಿಸ್, ಎರಡಕ್ಕೂ ಹೆಸರು ಒಂದೇ, ಬರೆದವರ ಹೆಸರೂ ಒಂದೇ. ಆದರೆ ಒಂದರಲ್ಲಿ ನ್ಯಾನ್ಸಿಗೆ ಹದಿನಾರು ವರ್ಷ, ಇನ್ನೊಂದರಲ್ಲಿ ಹದಿನೆಂಟು. ಒಂದರಲ್ಲಿ ಇಪ್ಪತ್ತೈದು ಅಧ್ಯಾಯ, ಇನ್ನೊಂದರಲ್ಲಿ ಇಪ್ಪತ್ತು. ಇದರಲ್ಲಿ ನಿಜವಾದ ಪುಸ್ತಕ ಯಾವುದು?”

ನಮಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಬಾಡಿಗೆ ಪುಸ್ತಕದ ಅಂಗಡಿಯಿಂದ ತಂದು, ಪಠ್ಯಪುಸ್ತಕದ ನಡುವೆ ಬಚ್ಚಿಟ್ಟುಕೊಂಡು ಇಂತಹ ಪುಸ್ತಕಗಳನ್ನು ಓದಿ ಬೆಳೆದವರು ನಾವು. ಆದರೂ ಇದನ್ನು ಗಮನಿಸಿರಲಿಲ್ಲ. ಹಾಗಾಗಿ ನ್ಯಾನ್ಸಿ ಡ್ರೂ ಮತ್ತು ಹಾರ್ಡಿ ಬಾಯ್ಸ್ ಪುಸ್ತಕಗಳನ್ನು ಮತ್ತೆ ಓದಲು ಕುಳಿತೆವು. ನಮಗೆ ತಿಳಿದುಬಂದುದನ್ನು ಮಕ್ಕಳ ಮತ್ತು ಪೋಷಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಇಲ್ಲದ ಲೇಖಕರು

ಮೊದಲ ರಹಸ್ಯ ಮುಖಪುಟದಲ್ಲೇ ಇದೆ. ನ್ಯಾನ್ಸಿ ಡ್ರೂ ಪುಸ್ತಕಗಳ ಮೇಲೆ ಕ್ಯಾರೊಲಿನ್ ಕೀನ್ ಎಂದೂ, ಹಾರ್ಡಿ ಬಾಯ್ಸ್ ಪುಸ್ತಕಗಳ ಮೇಲೆ ಫ್ರಾಂಕ್ಲಿನ್ ಡಬ್ಲ್ಯೂ. ಡಿಕ್ಸನ್ ಎಂದೂ ಅಚ್ಚಾಗಿರುತ್ತದೆ. ಈ ಇಬ್ಬರೂ ಎಂದೂ ಇರಲಿಲ್ಲ! ಅಮೆರಿಕದ ಎಡ್ವರ್ಡ್ ಸ್ಟ್ರಾಟೆಮೆಯರ್ ಎಂಬವರು ಮಕ್ಕಳ ಪುಸ್ತಕಗಳನ್ನು ತಯಾರಿಸುವ ಒಂದು ಸಂಸ್ಥೆಯನ್ನು ನಡೆಸುತ್ತಿದ್ದರು. ಕಥೆಯ ಸಾರಾಂಶವನ್ನು ಅವರು ಬರೆದುಕೊಡುತ್ತಿದ್ದರು. ಬೇರೆ ಲೇಖಕರು ಅದನ್ನು ಪೂರ್ಣ ಪುಸ್ತಕವಾಗಿ ಬೆಳೆಸುತ್ತಿದ್ದರು. ಸಂಭಾವನೆ ಒಂದೇ ಬಾರಿ. ಪುಸ್ತಕ ಎಷ್ಟೇ ಮಾರಾಟವಾದರೂ ಬರೆದವರಿಗೆ ಅದರಲ್ಲಿ ಪಾಲಿಲ್ಲ, ಹೆಸರೂ ಇಲ್ಲ.

ಹಾರ್ಡಿ ಬಾಯ್ಸ್ 1927ರಲ್ಲಿ ಆರಂಭವಾಯಿತು. ಅದರ ಮೊದಲ ಪುಸ್ತಕಗಳನ್ನು ಬರೆದವರು ಕೆನಡಾದ ಪತ್ರಕರ್ತ ಲೆಸ್ಲಿ ಮ್ಯಾಕ್‌ಫರ್ಲೇನ್. ನ್ಯಾನ್ಸಿ ಡ್ರೂ ಬಂದದ್ದು 1930ರ ಏಪ್ರಿಲ್‌ನಲ್ಲಿ. ಅದಾಗಿ ಎರಡು ವಾರದೊಳಗೆ ಸ್ಟ್ರಾಟೆಮೆಯರ್ ತೀರಿಕೊಂಡರು. ತಾನು ಹುಟ್ಟಿಸಿದ ಹುಡುಗಿ ಲೋಕಪ್ರಸಿದ್ಧಳಾದುದನ್ನು ಅವರು ಕಾಣಲೇ ಇಲ್ಲ. ಸಂಸ್ಥೆಯ ಹೊಣೆ ಅವರ ಹೆಣ್ಣುಮಕ್ಕಳ ಹೆಗಲಿಗೆ ಬಿತ್ತು.

ನ್ಯಾನ್ಸಿಗೆ ಜೀವ ತುಂಬಿದವರು ಅಯೋವಾ ರಾಜ್ಯದ ಮಿಲ್ಡ್ರೆಡ್ ವರ್ಟ್ ಬೆನ್ಸನ್ ಎಂಬ ಯುವತಿ. ಮೊದಲ 30 ಪುಸ್ತಕಗಳಲ್ಲಿ 23 ಅವರವು. ಆರಂಭದಲ್ಲಿ ಪುಸ್ತಕವೊಂದಕ್ಕೆ ಅವರಿಗೆ ಸಿಕ್ಕಿದ್ದು 125 ಡಾಲರ್. 1980ರಲ್ಲಿ ಪ್ರಕಾಶಕರ ನಡುವಿನ ವ್ಯಾಜ್ಯದಲ್ಲಿ ಅವರು ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದ ಮೇಲೆಯೇ ಅವರ ಕೆಲಸ ಹೆಚ್ಚಿನವರಿಗೆ ತಿಳಿದದ್ದು. ಅಂದರೆ ಸುಮಾರು ಐವತ್ತು ವರ್ಷ ಮಕ್ಕಳು ಓದಿದ್ದು ಒಬ್ಬರ ಬರಹ, ಮೆಚ್ಚಿದ್ದು ಮತ್ತೊಂದು ಹೆಸರನ್ನು. ಬೆನ್ಸನ್ ಮುಂದೆ ಪತ್ರಕರ್ತೆಯಾಗಿ ದುಡಿದು 2002ರಲ್ಲಿ, 96ನೆಯ ವಯಸ್ಸಿನಲ್ಲಿ ನಿಧನರಾದರು. ಕೊನೆಯವರೆಗೂ ಪತ್ರಿಕೆಗೆ ಬರೆಯುತ್ತಲೇ ಇದ್ದರು.

ಎರಡು ಪ್ರತಿಗಳ ಗುಟ್ಟು

ಇನ್ನು ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಅವಳ ಕೈಯಲ್ಲಿದ್ದ ಒಂದು ಪ್ರತಿ 1930ರ ಮೂಲ ಪಠ್ಯದ ಮರುಮುದ್ರಣ, ಇನ್ನೊಂದು 1959ರಲ್ಲಿ ತಿದ್ದಿ ಬರೆದದ್ದು. ಆ ವರ್ಷದಿಂದ ಮುಂದಿನ ಸುಮಾರು ಹದಿನೆಂಟು ವರ್ಷಗಳಲ್ಲಿ ನ್ಯಾನ್ಸಿ ಡ್ರೂ ಸರಣಿಯ ಮೊದಲ 34 ಪುಸ್ತಕಗಳನ್ನೂ ಹಾರ್ಡಿ ಬಾಯ್ಸ್ ಸರಣಿಯ ಮೊದಲ 38 ಪುಸ್ತಕಗಳನ್ನೂ ಮತ್ತೆ ಬರೆಯಲಾಯಿತು. ಈ ಕೆಲಸದ ಮುಂದಾಳು ಸ್ಟ್ರಾಟೆಮೆಯರ್ ಅವರ ಮಗಳು ಹ್ಯಾರಿಯೆಟ್ ಆಡಮ್ಸ್. ಕಥೆಯ ವೇಗ ಹೆಚ್ಚಬೇಕು, ಪುಟ ಕಡಿಮೆಯಾಗಬೇಕು, ಹಳೆಯ ಕಾಲದ ವಿವರಗಳು ಹೋಗಬೇಕು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಇದಕ್ಕಿಂತ ಗಂಭೀರವಾದದ್ದು.

ಮೂಲ ಕಥೆಯಲ್ಲಿ ಸರೋವರದ ಬಳಿಯ ಬೇಸಿಗೆ ಮನೆಗೆ ಕಳ್ಳರು ನುಗ್ಗುತ್ತಾರೆ. ಆ ಮನೆಯ ಕಾವಲುಗಾರ ಕಪ್ಪು ಜನಾಂಗದವನು. ಅವನು ಕುಡುಕ, ಹೊಣೆಗೇಡಿ. ಅವನ ಮಾತನ್ನು ನಗೆಪಾಟಲಾಗುವಂತೆ ಬರೆಯಲಾಗಿದೆ. ಆ ಕಾಲದ ಇಂತಹ ಇತರ ಪುಸ್ತಕಗಳಲ್ಲೂ ಕಪ್ಪು ಬಣ್ಣದವರನ್ನು, ಪರದೇಶದಿಂದ ಬಂದವರನ್ನು ಹೀಗೆಯೇ ಚಿತ್ರಿಸುವುದು ಸಾಮಾನ್ಯವಾಗಿತ್ತು. ಇದರ ಬಗ್ಗೆ ಓದುಗರಿಂದ ಆಕ್ಷೇಪಗಳು ಬಂದವು. 1959ರ ಪಠ್ಯದಲ್ಲಿ ಆ ಕಪ್ಪು ಕಾವಲುಗಾರನೇ ಇಲ್ಲ, ಅವನ ಜಾಗಕ್ಕೆ ಒಬ್ಬ ಬಿಳಿಯ ಬಂದಿದ್ದಾನೆ. ಅವಮಾನ ಅಳಿಸಿಹೋಯಿತು ನಿಜ, ಆದರೆ ಆ ಮನುಷ್ಯನೂ ಅಳಿಸಿಹೋದ! ಅವನನ್ನು ಮರ್ಯಾದಸ್ಥನನ್ನಾಗಿ ಮಾಡಿ ಕಥೆಯಲ್ಲೇ ಉಳಿಸಿಕೊಳ್ಳಬಹುದಿತ್ತಲ್ಲವೇ?

ಹಾರ್ಡಿ ಬಾಯ್ಸ್‌ನಲ್ಲಿ ಬೇರೊಂದು ಬಗೆಯ ನಷ್ಟವೂ ಆಯಿತು. ಮ್ಯಾಕ್‌ಫರ್ಲೇನ್ ಹಾಸ್ಯಪ್ರಿಯರು. ದೊಡ್ಡವರು ಹೇಳಿದ್ದೆಲ್ಲ ಸರಿ ಎಂದು ಮಕ್ಕಳು ನಂಬಬೇಕಿಲ್ಲ ಎಂದು ಅವರು ಊರಿನ ಪೊಲೀಸರನ್ನು ಪೆದ್ದರನ್ನಾಗಿ ಚಿತ್ರಿಸಿದ್ದರು. ತಿದ್ದಿದ ಪುಸ್ತಕಗಳಲ್ಲಿ ಪೊಲೀಸರು ಗಂಭೀರರಾದರು, ನಗು ಕಡಿಮೆಯಾಯಿತು.

ದೊಡ್ಡವರಾಗಿ ಓದಿದಾಗ

ಚಿಕ್ಕವರಿದ್ದಾಗ ನಮ್ಮನ್ನು ಹಿಡಿದಿಟ್ಟದ್ದು ಅಧ್ಯಾಯಗಳ ಕೊನೆ. ದೀಪ ಆರುತ್ತದೆ, ಹೆಜ್ಜೆ ಸಪ್ಪಳ ಕೇಳುತ್ತದೆ, ಅಧ್ಯಾಯ ಮುಗಿಯುತ್ತದೆ. ಪುಸ್ತಕ ಕೆಳಗಿಡುವುದಾದರೂ ಹೇಗೆ? ಈಗ ಆ ತಂತ್ರ ಕಣ್ಣಿಗೆ ಕಾಣುತ್ತದೆ, ಆದರೂ ಪುಟ ತಿರುಗಿಸದೆ ಇರಲಾಗಲಿಲ್ಲ ಎಂದು ಒಪ್ಪಿಕೊಳ್ಳುತ್ತೇವೆ. ನ್ಯಾನ್ಸಿಯ ಸ್ವಂತ ಕಾರು, ಕೇಳಿದ್ದಕ್ಕೆ ಬೇಡವೆನ್ನದ ವಕೀಲ ತಂದೆ, ಅಡುಗೆಗೆ ಹ್ಯಾನಾ: ಸಾಹಸಕ್ಕೆ ಬುದ್ಧಿಯಷ್ಟೇ ಅಲ್ಲ, ಅನುಕೂಲವೂ ಬೇಕೆಂಬುದು ಈಗ ಅರ್ಥವಾಗುತ್ತದೆ.

ಆದರೆ ನಮ್ಮನ್ನು ಹೆಚ್ಚು ಕಾಡಿದ್ದು ಕಾವಲುಗಾರನ ಭಾಗ ಓದಿದ ವಿದ್ಯಾರ್ಥಿನಿಯ ಎರಡನೆಯ ಪ್ರಶ್ನೆ: “ಮಿಸ್, ನ್ಯಾನ್ಸಿಯ ಊರಿಗೆ ನಾವು ಹೋಗಿದ್ದರೆ ನಮ್ಮನ್ನೂ ಹೀಗೇ ಬರೆಯುತ್ತಿದ್ದರಾ?”

ಹುಟ್ಟಿದ ಊರು ಬಿಟ್ಟು ಬೇರೆ ದೇಶದಲ್ಲಿ ಬಾಳುವ ನಮಗೆ ಇದು ಪುಸ್ತಕದ ಪ್ರಶ್ನೆ ಮಾತ್ರವಲ್ಲ. “ಹೌದು, ಬಹುಶಃ ಹಾಗೆಯೇ ಬರೆಯುತ್ತಿದ್ದರು” ಎಂದೆವು. ಸುಳ್ಳು ಸಮಾಧಾನ ಹೇಳಲು ಮನಸ್ಸು ಬರಲಿಲ್ಲ. ಜೊತೆಗೆ ಒಂದು ಮರುಪ್ರಶ್ನೆಯನ್ನೂ ಕೇಳಿದೆವು: “ಮನೆಯಲ್ಲಿ ಒಂದು ಉಂಗುರ ಕಳೆದರೆ ನಾವು ಮೊದಲು ಯಾರನ್ನು ಅನುಮಾನಿಸುತ್ತೇವೆ?” ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೆಲಸದವರನ್ನು” ಎಂದಳು. ಉಂಗುರ ಆಮೇಲೆ ಬಚ್ಚಲಮನೆಯ ಕಿಟಕಿಯಲ್ಲಿ ಸಿಗುತ್ತದೆ. ಕೆಲಸದವರ ಮನಸ್ಸಿಗಾದ ನೋವು ಮಾತ್ರ ಹಾಗೇ ಉಳಿಯುತ್ತದೆ. ನಮ್ಮ ಹಳೆಯ ಸಿನಿಮಾಗಳ ಕಳ್ಳನ ಬಣ್ಣ ಯಾವುದಿತ್ತೆಂದು ಪೋಷಕರೂ ಒಮ್ಮೆ ನೆನಪಿಸಿಕೊಳ್ಳಬಹುದು.

ಹಾಗಾದರೆ ಓದಬಾರದೇ?

ಖಂಡಿತ ಓದಬೇಕು. 1930ರಲ್ಲಿ ಒಬ್ಬ ಹುಡುಗಿ ಸ್ವಂತ ಬುದ್ಧಿಯಿಂದ ಯೋಚಿಸಿ, ತಾನೇ ಕಾರು ಓಡಿಸಿ, ಬಡವರಿಗೆ ಸೇರಬೇಕಾದ ಉಯಿಲನ್ನು ಹುಡುಕಿಕೊಡುವ ಕಥೆ ಸಣ್ಣದಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಸಾಂಡ್ರಾ ಡೇ ಓಕಾನರ್, ರೂತ್ ಬೇಡರ್ ಗಿನ್ಸ್‌ಬರ್ಗ್ ಮತ್ತು ಸೋನಿಯಾ ಸೊಟೊಮೇಯರ್, ಈ ಮೂವರೂ ಬಾಲ್ಯದಲ್ಲಿ ನ್ಯಾನ್ಸಿಯನ್ನು ಮೆಚ್ಚಿ ಓದಿದವರು. ಓದುವಾಗ ಈ ನಾಲ್ಕು ಅಂಶಗಳನ್ನು ನೆನಪಿಡಿ:

1. ಪುಸ್ತಕದ ಆರಂಭದಲ್ಲಿರುವ ಹಕ್ಕುಸ್ವಾಮ್ಯದ ಪುಟ ನೋಡಿ. 1959ಕ್ಕಿಂತ ಹಿಂದಿನ ಪಠ್ಯವೋ, ತಿದ್ದಿದ್ದೋ ಎಂಬುದು ಅಲ್ಲಿನ ವರ್ಷಗಳಿಂದ ತಿಳಿಯುತ್ತದೆ.

2. ಅನುಮಾನಕ್ಕೆ ಒಳಗಾದವರ ಪಟ್ಟಿ ಮಾಡಿ. ಪ್ರತಿ ಹೆಸರಿನ ಮುಂದೆ ಕಾರಣ ಬರೆಯಿರಿ. ಅದು ಸಾಕ್ಷಿಯೋ ಅಥವಾ ಬರೀ ಮುಖ, ಬಟ್ಟೆ, ಮಾತಿನ ಧಾಟಿಯೋ ಎಂದು ಗುರುತಿಸಿ.

3. ಪೋಷಕರೇ, ನೀವು ಬಾಲ್ಯದಲ್ಲಿ ಓದಿದ ಒಂದು ಪುಸ್ತಕವನ್ನು ಮಕ್ಕಳ ಜೊತೆ ಮತ್ತೆ ಓದಿ. ಆಗ ಕಾಣದೆ ಈಗ ಕಂಡದ್ದೇನು ಎಂದು ರಾತ್ರಿ ಊಟದ ಹೊತ್ತಿಗೆ ಹೇಳಿ.

4. ನಮ್ಮವರ ಕಥೆಗಳನ್ನೂ ಓದಿ. ಸತ್ಯಜಿತ್ ರಾಯ್ ಅವರ ಫೆಲೂದಾ 1965ರಲ್ಲಿ ‘ಸಂದೇಶ್’ ಎಂಬ ಬಂಗಾಳಿ ಮಕ್ಕಳ ಪತ್ರಿಕೆಯಲ್ಲಿ ಮೊದಲು ಕಾಣಿಸಿಕೊಂಡ. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬಗ್ಗೆ ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ. ಮುಂದಿನ ಫೋನ್ ಕರೆಗೆ ಒಳ್ಳೆಯ ವಿಷಯ ಸಿಕ್ಕೀತು!

ಕೊನೆಗೆ, ನಿಜವಾದ ಪುಸ್ತಕ ಯಾವುದು? ಎರಡೂ ನಿಜ. ಒಂದು ತನ್ನ ಕಾಲದ ತಪ್ಪನ್ನು ತೋರಿಸುತ್ತದೆ, ಇನ್ನೊಂದು ಆ ತಪ್ಪನ್ನು ಅರ್ಧದಷ್ಟು ತಿದ್ದಿದ್ದನ್ನು. ಹಳೆಯದನ್ನು ಕಪಾಟಿನಿಂದ ತೆಗೆದುಬಿಡೋಣವೇ ಎಂದು ವಿದ್ಯಾರ್ಥಿನಿಯನ್ನು ಕೇಳಿದೆವು. “ಬೇಡ ಮಿಸ್, ಎರಡನ್ನೂ ಪಕ್ಕಪಕ್ಕದಲ್ಲಿ ಇಡಿ. ಒಂದೇ ಇದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ” ಎಂದಳು.

ಈಗ ಅವು ಹಾಗೆಯೇ ಇವೆ, ಗ್ರಂಥಾಲಯದ ಬಾಗಿಲ ಬಲಗಡೆಯ ಕಪಾಟಿನ ಎರಡನೆಯ ಸಾಲಿನಲ್ಲಿ. ಓದಬೇಕೆನಿಸಿದವರು ಎರಡನ್ನೂ ಒಟ್ಟಿಗೆ ತೆಗೆದುಕೊಂಡು ಹೋಗಿ.