ಪರದೇಶದಲ್ಲಿ ಒಂದೇ ಸೂರಿನಡಿ

ಸಕಲೇಶಪುರ ಹಾಗೂ ಆಲೂರು ತಾಲ್ಲೂಕುಗಳ ಗುಡ್ಡಗಾಡಿನಲ್ಲಿ ಮನೆಯಿಂದ ಮನೆಗೆ ದೂರ ಹೆಚ್ಚು. ಕಾಫಿ ತೋಟಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆ. ಭಾನುವಾರದ ಬಲಿಪೂಜೆಯ ನಂತರ ದೇವಾಲಯದ ಅಂಗಳದಲ್ಲಿ ಆಡುವ ನಾಲ್ಕು ಮಾತೇ ಎಷ್ಟೋ ಕುಟುಂಬಗಳಿಗೆ ವಾರದ ಒಡನಾಟ. ಇಂಥ ಊರುಗಳ ಮಕ್ಕಳು ಓದಿಗಾಗಿ ಹಾಸನ, ಮಂಗಳೂರು, ಬೆಂಗಳೂರುಗಳ ಹಾಸ್ಟೆಲುಗಳಿಗೆ ಹೋಗುವುದು ನಮಗೆ ಹೊಸತಲ್ಲ. ಈಚಿನ ವರ್ಷಗಳಲ್ಲಿ ಆ ದಾರಿ ಜರ್ಮನಿ, ಐರ್ಲೆಂಡ್, ಕೆನಡಾಗಳವರೆಗೂ ಸಾಗಿದೆ.

ಮಗ ಅಥವಾ ಮಗಳನ್ನು ಪರದೇಶಕ್ಕೆ ಕಳುಹಿಸುವ ಹೆತ್ತವರು ಬ್ಯಾಂಕಿನ ಸಾಲ, ವೀಸಾ, ವಿಮಾನದ ಟಿಕೆಟು ಇವೆಲ್ಲವನ್ನೂ ತಿಂಗಳುಗಟ್ಟಲೆ ಯೋಚಿಸುತ್ತಾರೆ. ಅಲ್ಲಿ ಯಾರೊಡನೆ ವಾಸ ಎಂಬ ಪ್ರಶ್ನೆ ಮಾತ್ರ ಕೊನೆಗೆ ಬರುತ್ತದೆ. ಅದಕ್ಕೆ ನಮ್ಮಲ್ಲಿ ಸಿದ್ಧ ಉತ್ತರವೂ ಇದೆ: "ನಮ್ಮವರು ಯಾರಾದರೂ ಇದ್ದರೆ ಅವರ ಜೊತೆಗೇ ಇರು." ಈ ಮಾತಿನ ಹಿಂದಿರುವ ಮಮತೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದೊಂದೇ ಸಾಕೇ ಎಂದು ವಿಚಾರಿಸಬೇಕಾಗಿದೆ.

ಜರ್ಮನಿಯ ಉದಾಹರಣೆಯನ್ನೇ ನೋಡೋಣ. 2023-24ರ ಚಳಿಗಾಲದ ಅವಧಿಯಲ್ಲಿ ಅಲ್ಲಿ 49 ಸಾವಿರಕ್ಕೂ ಹೆಚ್ಚು ಭಾರತೀಯ ವಿದ್ಯಾರ್ಥಿಗಳಿದ್ದರು. ವಿದೇಶೀ ವಿದ್ಯಾರ್ಥಿಗಳಲ್ಲಿ ಅವರದೇ ದೊಡ್ಡ ಸಂಖ್ಯೆ. ವೀಸಾಕ್ಕಾಗಿ ಬ್ಯಾಂಕಿನಲ್ಲಿ ತೋರಿಸಬೇಕಾದ ಹಣ 2024ರ ಸೆಪ್ಟೆಂಬರಿನಲ್ಲಿ ವರ್ಷಕ್ಕೆ 11,904 ಯೂರೋ ಎಂದು ನಿಗದಿಯಾಯಿತು. ಎಂದರೆ ತಿಂಗಳಿಗೆ 992 ಯೂರೋ. ಬಾಡಿಗೆ, ಊಟ, ಆರೋಗ್ಯ ವಿಮೆ ಎಲ್ಲವೂ ಅದರಲ್ಲೇ ಆಗಬೇಕು. ಹೀಗಾಗಿ ಮೂರು ನಾಲ್ಕು ಜನ ಸೇರಿ ಒಂದು ಮನೆ ಹಿಡಿಯುವುದು ಅಲ್ಲಿನ ವಾಡಿಕೆ. ಮಲಗುವ ಕೋಣೆ ಅವರವರದು. ಅಡುಗೆಮನೆ, ಸ್ನಾನದ ಮನೆ ಎಲ್ಲರದು. ಯಾವ ವಾರ ಯಾರು ಶುಚಿ ಮಾಡಬೇಕೆಂಬ ಪಟ್ಟಿ ಗೋಡೆಯ ಮೇಲೆ ತೂಗುತ್ತದೆ. ರಾತ್ರಿ ಹತ್ತರ ನಂತರ ಸದ್ದು ಮಾಡುವಂತಿಲ್ಲ. ಕಾಗದ, ಗಾಜು, ಅಡುಗೆಮನೆಯ ಕಸ ಇವನ್ನು ಬೇರೆ ಬೇರೆ ತೊಟ್ಟಿಗಳಿಗೆ ಹಾಕಬೇಕು.

ನಮ್ಮ ಮಕ್ಕಳು, ಅದರಲ್ಲೂ ಗಂಡುಮಕ್ಕಳು, ಎಡವುವುದು ಇಲ್ಲಿಯೇ. ಮನೆಯಲ್ಲಿ ತಾಯಿ ಬಡಿಸಿದ ಅಕ್ಕಿರೊಟ್ಟಿ ತಿಂದು ತಟ್ಟೆಯನ್ನು ಹಾಗೆಯೇ ಬಿಟ್ಟೇಳುವ ಅಭ್ಯಾಸ ಅವರದು. ಅಲ್ಲಿ ಎರಡು ದಿನ ತೊಳೆಯದೆ ಬಿಟ್ಟ ಪಾತ್ರೆಯಿಂದ ಮನಸ್ತಾಪ ಆರಂಭವಾಗುತ್ತದೆ. ಯಾರೂ ಗದರುವುದಿಲ್ಲ, ಮಾತು ಕಡಿಮೆಯಾಗುತ್ತದೆ ಅಷ್ಟೆ. ಡಿಸೆಂಬರ್ ಬಂತೆಂದರೆ ಸಂಜೆ ನಾಲ್ಕೂವರೆಯೊಳಗೆ ಕತ್ತಲು. ಊರಿನಲ್ಲಿ ಕಾಫಿ ಕೊಯ್ಲು, ಕಣದ ತುಂಬ ಹಣ್ಣು, ಮನೆಯ ತುಂಬ ಜನ. ಅಲ್ಲಿ ಮುಚ್ಚಿದ ಬಾಗಿಲು. ಜ್ವರ ಬಂದ ರಾತ್ರಿ ಬಾಗಿಲು ತಟ್ಟಿ ಕೇಳಬಲ್ಲವರು ಆ ಮನೆಯ ಸಂಗಡಿಗರು ಮಾತ್ರ. ಅವರ ಸ್ನೇಹವೂ ಅನ್ನ, ಬೆಚ್ಚನೆಯ ಬಟ್ಟೆಗಳಷ್ಟೇ ಅಗತ್ಯ.

ಕಥೋಲಿಕರಾದ ನಮಗೆ ಈ ವಿಷಯದಲ್ಲಿ ಹಳೆಯದೊಂದು ಮಾದರಿಯಿದೆ. 1529ರಲ್ಲಿ ಪ್ಯಾರಿಸಿನ ಸಾಂತ್ ಬಾರ್ಬ್ ಕಾಲೇಜಿನ ಒಂದೇ ಕೋಣೆಯಲ್ಲಿ ಮೂವರು ಪರದೇಶೀ ವಿದ್ಯಾರ್ಥಿಗಳಿದ್ದರು. ಸವಾಯ್ ಬೆಟ್ಟಗಳಲ್ಲಿ ಕುರಿ ಕಾಯುತ್ತಿದ್ದ ಪೀಟರ್ ಫೇಬರ್ ಒಬ್ಬರು. ನವಾರೆಯ ಕುಲೀನ ಮನೆತನದ ಫ್ರಾನ್ಸಿಸ್ ಝೇವಿಯರ್ ಇನ್ನೊಬ್ಬರು. ಇಬ್ಬರಿಗೂ 23 ವರ್ಷ. ಹೊಸದಾಗಿ ಬಂದು ಸೇರಿದವರು ಅವರಿಗಿಂತ ಬಹಳ ಹಿರಿಯರಾದ ಇಗ್ನೇಷಿಯಸ್ ಲೊಯೋಲಾ. 1521ರ ಯುದ್ಧದಲ್ಲಿ ಪಾಂಪ್ಲೋನಾ ಕೋಟೆಯನ್ನು ರಕ್ಷಿಸುತ್ತ ಇಗ್ನೇಷಿಯಸರು ಕಾಲಿಗೆ ಗಾಯ ಮಾಡಿಕೊಂಡಿದ್ದರೆ, ಝೇವಿಯರರ ಅಣ್ಣಂದಿರು ಅದೇ ಯುದ್ಧದಲ್ಲಿ ಎದುರು ಪಕ್ಷದಲ್ಲಿದ್ದರು. ಝೇವಿಯರರಿಗೆ ಹೊಸಬರ ರೀತಿನೀತಿ ಹಿಡಿಸಲೂ ಇಲ್ಲ. ಆದರೂ ಫೇಬರರು ಇಗ್ನೇಷಿಯಸರಿಗೆ ಪಾಠ ಹೇಳಿಕೊಟ್ಟರು. ಇಗ್ನೇಷಿಯಸರು ಫೇಬರರ ಮನದ ಕಳವಳಕ್ಕೆ ಸಾಂತ್ವನ ನೀಡಿದರು. ಝೇವಿಯರರು ಅಧ್ಯಾಪಕರಾದಾಗ ಅವರ ತರಗತಿಗೆ ವಿದ್ಯಾರ್ಥಿಗಳನ್ನು ಹುಡುಕಿ ತಂದವರೂ ಇಗ್ನೇಷಿಯಸರೇ. ಇಂಥ ಸಣ್ಣ ಉಪಕಾರಗಳಿಂದ ಬೆಳೆದ ಸ್ನೇಹ 1534ರ ಆಗಸ್ಟ್ 15ರಂದು ಮೋಂಮಾರ್ತ್ರ್ ಗುಡ್ಡದಲ್ಲಿ ಏಳು ಗೆಳೆಯರ ಪ್ರತಿಜ್ಞೆಯಾಗಿ, ಮುಂದೆ ಯೇಸುಸಭೆಯಾಯಿತು. 1542ರಲ್ಲಿ ಗೋವೆಗೆ ಬಂದ ಝೇವಿಯರರು ಗೆಳೆಯರ ಪತ್ರಗಳಿಂದ ಅವರ ಸಹಿಗಳನ್ನು ಕತ್ತರಿಸಿ ಕೊರಳಲ್ಲಿ ಧರಿಸಿದ್ದರು. ಮೂವರೂ ಇಂದು ಸಂತರು. ಫೇಬರರಿಗೆ ಆ ಗೌರವ 2013ರಲ್ಲಿ ದೊರೆಯಿತು.

ಮತ ಬೇರೆಯಾದರೂ ಸ್ನೇಹಕ್ಕೆ ಅಡ್ಡಿಯಿಲ್ಲವೆಂಬುದಕ್ಕೆ ನಮ್ಮ ದೇಶದ ನಿದರ್ಶನವೂ ಉಂಟು. 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಹೋದ ಡಾ. ಬಿ.ಆರ್. ಅಂಬೇಡ್ಕರರಿಗೆ ಅಲ್ಲಿನ ವಸತಿಗೃಹದಲ್ಲಿ ಜೊತೆಯಾದವರು ನವಲ್ ಭಥೇನಾ ಎಂಬ ಪಾರಸಿ. ಮುಂದೆ ಅಂಬೇಡ್ಕರರ ಲಂಡನ್ ವ್ಯಾಸಂಗಕ್ಕೆ ಹಣದ ಅಡಚಣೆಯಾದಾಗ ಸಾಲ ಕೊಟ್ಟು ನೆರವಾದವರಲ್ಲಿ ಅವರೂ ಒಬ್ಬರು. ಆ ಗೆಳೆತನ ಜೀವನಪರ್ಯಂತ ಉಳಿಯಿತು.

ಹಾಗಾದರೆ ಹೆತ್ತವರು ಮಾಡಬೇಕಾದುದೇನು? ಹೊರಡುವ ಒಂದು ವರ್ಷ ಮೊದಲೇ ಮಗನಾಗಲಿ ಮಗಳಾಗಲಿ ಅಡುಗೆ, ಪಾತ್ರೆ, ಬಚ್ಚಲು, ತಿಂಗಳ ಖರ್ಚಿನ ಲೆಕ್ಕ ಇವನ್ನು ತಾವೇ ನಿರ್ವಹಿಸಲಿ. ಕೋಣೆಯನ್ನು ಕಣ್ಣಾರೆ ಕಾಣದೆ ಮುಂಗಡ ಹಣ ಕಳುಹಿಸಬಾರದು. ಈ ಬಗೆಯ ಮೋಸ ಪರದೇಶಗಳಲ್ಲೂ ಸಾಮಾನ್ಯ. ಜರ್ಮನಿಯ ಅನೇಕ ವಿಶ್ವವಿದ್ಯಾಲಯ ನಗರಗಳಲ್ಲಿ ಕಥೋಲಿಕ ವಿದ್ಯಾರ್ಥಿ ಸಮುದಾಯಗಳಿವೆ. ಮೊದಲ ವಾರದಲ್ಲೇ ಅಲ್ಲಿಗೆ ಹೋಗುವಂತೆ ಮಕ್ಕಳಿಗೆ ತಿಳಿಹೇಳಬೇಕು. ಅದರ ಜೊತೆಗೆ ಒಂದೇ ಅಡುಗೆಮನೆ ಹಂಚಿಕೊಳ್ಳುವ ಪರಭಾಷಿಕರನ್ನು, ಪರಧರ್ಮೀಯರನ್ನು ಶಂಕೆಯಿಂದ ನೋಡದಿರಲು ನಾವೇ ಮಕ್ಕಳಿಗೆ ಧೈರ್ಯ ತುಂಬಬೇಕು. ತೋಟದ ಕಾಫಿಪುಡಿಯ ಒಂದು ಪೊಟ್ಟಣ ಮಗನೊಬ್ಬನಿಗೇ ಎಂದು ಕಟ್ಟಿಕೊಡದೆ, ಇಡೀ ಮನೆಗೆಂದು ಕೊಡೋಣ.

ಫೋನಿನಲ್ಲಿ ಅಂಕ, ಕೆಲಸ, ಸಾಲದ ಕಂತುಗಳ ಮಾತು ಮುಗಿದ ಮೇಲೆ ಮಗುವಿನ ಸಂಗಡ ವಾಸಿಸುವವರ ಹೆಸರನ್ನು ಕೇಳಿ ತಿಳಿಯೋಣ. ಮನೆಯಲ್ಲಿ ಜಪಸರ ಹಿಡಿದು ಕುಳಿತಾಗ ಆ ಹೆಸರುಗಳನ್ನೂ ನೆನೆಯೋಣ. ನಮ್ಮ ಮಕ್ಕಳು ಅಸ್ವಸ್ಥರಾದ ದಿನ ಬಿಸಿನೀರು ಕಾಯಿಸಿ ಕೊಡುವವರು ಅವರೇ ಅಲ್ಲವೇ?