ಐದು ನಕ್ಷತ್ರ, ಹತ್ತು ತಪ್ಪು

ಹಿಂದೆ ಮನೆಗೆ ಮಿಕ್ಸಿಯನ್ನೋ ಕುಕ್ಕರನ್ನೋ ಕೊಳ್ಳಬೇಕಾದರೆ ಪಕ್ಕದ ಮನೆಯವರನ್ನು ಕೇಳುತ್ತಿದ್ದೆವು. ‘ನಿಮ್ಮದು ಹೇಗಿದೆ? ಎಷ್ಟು ವರ್ಷ ಬಾಳಿಕೆ ಬಂತು?’ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಸಾಕಿತ್ತು. ಹೇಳುವವರ ಮುಖ ನೋಡಿಯೇ ಮಾತಿನ ತೂಕ ತಿಳಿಯುತ್ತಿತ್ತು. ಈಗ ಆ ಜಾಗಕ್ಕೆ ಗುರುತು ಪರಿಚಯವಿಲ್ಲದ ಸಾವಿರಾರು ಜನ ಬಂದಿದ್ದಾರೆ. ಅಂತರ್ಜಾಲದ ಅಂಗಡಿಗಳಲ್ಲಿ ವಸ್ತುವಿನ ಚಿತ್ರದ ಕೆಳಗೆ ಅದನ್ನು ಕೊಂಡವರ ಅಭಿಪ್ರಾಯ, ಅಂದರೆ ‘ರಿವ್ಯೂ’ ಇರುತ್ತದೆ. ಅಮೆರಿಕದ ಅಮೆಜಾನ್ ಕಂಪನಿ 1995ರಲ್ಲೇ ಈ ಪದ್ಧತಿ ಆರಂಭಿಸಿತು. ಇಲ್ಲಿ ಮುಖವಿಲ್ಲ, ದನಿಯಿಲ್ಲ. ನಮಗೆ ಸಿಗುವುದು ಬರೆದ ಅಕ್ಷರ ಮಾತ್ರ.

ಹೀಗಿರುವಾಗ ಆ ಅಕ್ಷರ ಹೇಗಿದೆ ಎಂಬುದಕ್ಕೆ ಬೆಲೆ ಬರುವುದು ಸಹಜ.

ಲಕಾರ, ಳಕಾರ

‘ಎರಡೇ ತಿಂಗಳಿಗೆ ಮಿಕ್ಸಿ ಹಾಲಾಗಿದೆ’ ಎಂದು ಒಬ್ಬರು ಬರೆದರು ಎನ್ನೋಣ. ಮಿಕ್ಸಿ ಹಾಲಾಗುವುದಿಲ್ಲ, ಹಾಳಾಗುತ್ತದೆ ಎಂದು ನಾವು ನಕ್ಕು ಅರ್ಥ ಮಾಡಿಕೊಳ್ಳುತ್ತೇವೆ. ಈ ತಪ್ಪಿನಿಂದ ನಷ್ಟವೇನೂ ಇಲ್ಲ. ಆದರೆ ‘ಅಂಗಡಿಯವರಿಗೆ ಹೇಳಿದೆ ವಾಪಸ್ ಕೊಟ್ಟರು’ ಎಂಬ ವಾಕ್ಯವನ್ನು ನೋಡಿ. ವಾಪಸ್ ಕೊಟ್ಟಿದ್ದು ಏನನ್ನು? ಹಣವನ್ನೋ, ಅದೇ ಕೆಟ್ಟ ಮಿಕ್ಸಿಯನ್ನೋ? ಕರ್ಮಪದ ಒಂದು ಬಿಟ್ಟುಹೋದದ್ದಕ್ಕೆ ಅಂಗಡಿಯವನು ಪ್ರಾಮಾಣಿಕನೂ ಆಗಬಹುದು, ಮೋಸಗಾರನೂ ಆಗಬಹುದು. ವ್ಯಾಕರಣವೆಂದರೆ ಪರೀಕ್ಷೆಯ ಅಂಕಗಳಿಗಾಗಿ ಮಾತ್ರ ಎಂದುಕೊಂಡಿರುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಇಂಥ ತಪ್ಪುಗಳಿಗೆ ಬರೆಯುವವರ ಉದಾಸೀನವೊಂದೇ ಕಾರಣವಲ್ಲ. ನಮ್ಮಲ್ಲಿ ಅನೇಕರು ಮೊಬೈಲಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುತ್ತಾರೆ. ಅಲ್ಲಿ ‘ಲ’ಕ್ಕೂ ‘ಳ’ಕ್ಕೂ, ‘ನ’ಕ್ಕೂ ‘ಣ’ಕ್ಕೂ ಸಾಮಾನ್ಯವಾಗಿ ಒಂದೇ ಅಕ್ಷರ. ಹ್ರಸ್ವ, ದೀರ್ಘಗಳ ಗತಿಯೂ ಅದೇ. ಯಂತ್ರ ಊಹಿಸಿ ಕೊಟ್ಟ ಪದವನ್ನು ಓದಿ ನೋಡದೆ ಕಳುಹಿಸಿದರೆ ಹಾಳು ಹಾಲಾಗುತ್ತದೆ.

ವ್ಯಾಪಾರಿ ಕಂಡ ಲಾಭ

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಅನಿಂದ್ಯ ಘೋಷ್ ಮತ್ತು ಪನಗಿಯೋಟಿಸ್ ಇಪೆರೋಟಿಸ್ ಈ ವಿಷಯವನ್ನು ಅಭ್ಯಾಸ ಮಾಡಿ 2011ರಲ್ಲಿ ಪ್ರಬಂಧ ಪ್ರಕಟಿಸಿದರು. ಅಮೆಜಾನ್‌ನಲ್ಲಿ ಮಾರಾಟವಾಗುತ್ತಿದ್ದ ಕ್ಯಾಮೆರಾ, ಡಿವಿಡಿ ಮೊದಲಾದವುಗಳ ಬಗ್ಗೆ ಗ್ರಾಹಕರು ಬರೆದದ್ದನ್ನು ಅವರು ಪರಿಶೀಲಿಸಿದ್ದರು. ಬರಹ ಎಷ್ಟು ಸುಲಭವಾಗಿ ಓದಿಸಿಕೊಳ್ಳುತ್ತದೆ, ಭಾಷೆ ಎಷ್ಟು ಶುದ್ಧವಾಗಿದೆ ಎಂಬ ಅಂಶಗಳಿಗೂ ಮಾರಾಟಕ್ಕೂ ನಂಟಿದೆ ಎಂದು ಕಂಡುಬಂತು.

ಅದೇ ಪ್ರಬಂಧದಲ್ಲಿ ಇನ್ನೊಂದು ಸ್ವಾರಸ್ಯವಿದೆ. ವಸ್ತುವಿನ ವಿವರ ಮತ್ತು ಸ್ವಂತ ಅನಿಸಿಕೆ ಎರಡನ್ನೂ ಬೆರೆಸಿ ಬರೆದ ರಿವ್ಯೂಗಳು ಓದುಗರಿಗೆ ಹೆಚ್ಚು ಉಪಯುಕ್ತವೆನಿಸಿದ್ದವು. ಆದರೆ ಅವು ಇದ್ದೆಡೆ ಮಾರಾಟ ಕಡಿಮೆಯಿತ್ತು! ಮಾರುವವನಿಗೆ ಒಳ್ಳೆಯದಾದ ಬರಹವೇ ಕೊಳ್ಳುವವನಿಗೂ ಒಳ್ಳೆಯದಾಗಬೇಕೆಂದೇನಿಲ್ಲ.

ಇದರ ಲಾಭವನ್ನು ವ್ಯಾಪಾರಿಗಳು ಬೇಗ ಅರಿತರು. ಪಾದರಕ್ಷೆ ಮಾರುವ ಅಮೆರಿಕದ ಜಾಪೋಸ್ ಎಂಬ ಸಂಸ್ಥೆ ತನ್ನ ಗ್ರಾಹಕರ ಬರಹಗಳಲ್ಲಿನ ಕಾಗುಣಿತ, ವ್ಯಾಕರಣಗಳನ್ನು ಹಣ ಕೊಟ್ಟು ತಿದ್ದಿಸಿತು ಎಂದು ಇಪೆರೋಟಿಸ್ 2011ರಲ್ಲಿ ಬರೆದರು. ಒಬ್ಬ ತಪ್ಪು ಹುಡುಕುವುದು, ಇನ್ನೊಬ್ಬ ತಿದ್ದುವುದು, ಮತ್ತೊಬ್ಬ ತಿದ್ದಿದ್ದು ಸರಿಯೇ ಎಂದು ನೋಡುವುದು ಇದರ ಕ್ರಮ.

ಅದೇ ವರ್ಷ ಬ್ರಿಟನ್ನಿನ ಉದ್ಯಮಿ ಚಾರ್ಲ್ಸ್ ಡಂಕೂಂಬ್, ಅಂತರ್ಜಾಲ ಅಂಗಡಿಯ ಪುಟದಲ್ಲಿದ್ದ ಒಂದು ಕಾಗುಣಿತ ದೋಷವನ್ನು ತಿದ್ದಿದ ಮೇಲೆ ಪ್ರತಿ ಭೇಟಿಗೆ ಬರುವ ಆದಾಯ ಇಮ್ಮಡಿಯಾಯಿತೆಂದು ಬಿಬಿಸಿಗೆ ತಿಳಿಸಿದರು. ಇಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಸ್ವಲ್ಪ ನಿಲ್ಲಬೇಕು. ಇದು ಒಂದು ಅಂಗಡಿಯ, ಒಂದು ಪುಟದ ಅನುಭವ. ತಿದ್ದುವ ಮೊದಲು ಮತ್ತು ನಂತರ ಎಂಬ ಹೋಲಿಕೆಯಲ್ಲಿ ಹಬ್ಬದ ಮಾರಾಟ, ಬೆಲೆಯ ಇಳಿಕೆ ಮುಂತಾದ ಬೇರೆ ಕಾರಣಗಳೂ ನುಸುಳಬಹುದು. ಎರಡು ಸಂಗತಿಗಳು ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ.

ಶುದ್ಧ ಭಾಷೆ, ಸುಳ್ಳು ಮಾತು

ಹಾಗಾದರೆ ತಪ್ಪಿಲ್ಲದೆ ಬರೆದದ್ದೆಲ್ಲ ನಿಜವೇ? ಖಂಡಿತ ಅಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಷಿಕಾಗೋ ನಗರದ 20 ಹೋಟೆಲುಗಳ ಬಗ್ಗೆ 400 ನಿಜವಾದ ಹೊಗಳಿಕೆಗಳನ್ನು ಸಂಗ್ರಹಿಸಿ, ಜೊತೆಗೆ 400 ಸುಳ್ಳು ಹೊಗಳಿಕೆಗಳನ್ನು ಹಣ ಕೊಟ್ಟು ಬರೆಸಿದರು. ಇವುಗಳಲ್ಲಿ ಕೆಲವನ್ನು ಓದಿ ಬೇರ್ಪಡಿಸಲು ಹೊರಟವರ ತೀರ್ಪು ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಹೆಚ್ಚೇನೂ ಉತ್ತಮವಾಗಿರಲಿಲ್ಲ. ಕಂಪ್ಯೂಟರ್ ಮಾತ್ರ ಶೇ 90ರ ಹತ್ತಿರ ಸರಿಯಾಗಿ ಗುರುತಿಸಿತು. ನಿಜವಾಗಿ ತಂಗಿದವರು ಸ್ನಾನದ ಮನೆ, ಕೋಣೆಯ ಅಳತೆ, ಬಾಡಿಗೆ ಇಂಥ ವಿವರ ಬರೆದಿದ್ದರು. ಸುಳ್ಳು ಬರೆದವರಲ್ಲಿ ‘ನಾನು’, ‘ನನ್ನ ಗಂಡ’, ‘ರಜೆ’ ಮುಂತಾದ ಮಾತುಗಳು ಹೆಚ್ಚಿದ್ದವು.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಒಂದೂ ಕಾಗುಣಿತ ದೋಷವಿಲ್ಲದ ಹೊಗಳಿಕೆಯನ್ನು ಕ್ಷಣದಲ್ಲಿ ಬರೆಸಬಹುದಾಗಿದೆ. ಇನ್ನೊಂದು ಕಡೆ, ದಿನಕ್ಕೆ ಎರಡು ಹೊತ್ತು ಕುಕ್ಕರ್ ಒಲೆಯ ಮೇಲಿಡುವ, ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ತಾಯಿಯೊಬ್ಬರು ‘ಗ್ಯಾಸ್ಕೆಟ್ ಮೂರ್ ತಿಂಗ್ಳಿಗೆ ಸಡ್ಲಾಯ್ತು’ ಎಂದು ಬರೆಯುತ್ತಾರೆ. ಇವೆರಡರಲ್ಲಿ ಯಾವುದು ನಮಗೆ ಬೇಕಾದ್ದು? ಕಾಗುಣಿತ ನೋಡಿ ಆ ತಾಯಿಯ ಮಾತನ್ನು ತಳ್ಳಿಹಾಕುವುದು ಅನ್ಯಾಯ ಮಾತ್ರವಲ್ಲ, ನಮಗೇ ನಷ್ಟ.

ಸುಳ್ಳು ರಿವ್ಯೂಗಳ ಹಾವಳಿ ತಡೆಯಲು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಭಾರತೀಯ ಮಾನಕ ಬ್ಯೂರೊ ರೂಪಿಸಿದ ಐಎಸ್ 19000:2022 ಎಂಬ ಮಾನಕವನ್ನು 2022ರ ನವೆಂಬರಿನಲ್ಲಿ ಬಿಡುಗಡೆ ಮಾಡಿತು. ಬಿಡುಗಡೆಯಾದಾಗ ಅದರ ಪಾಲನೆ ಕಡ್ಡಾಯವಾಗಿರಲಿಲ್ಲ. ಮಾನಕ ಏನೇ ಇರಲಿ, ಓದುವವರ ಎಚ್ಚರ ಓದುವವರಿಗೇ ಸೇರಿದ್ದು.

ಪ್ರಯೋಗ ಪುಸ್ತಕದಂತೆ ಬರೆಯಿರಿ

ಪ್ರಯೋಗಶಾಲೆಯ ರೆಕಾರ್ಡಿನಲ್ಲಿ ‘ನೀರು ಬೇಗ ಕುದಿಯಿತು’ ಎಂದು ಬರೆದರೆ ಯಾವ ಮೇಷ್ಟರೂ ಒಪ್ಪುವುದಿಲ್ಲ. ಎಷ್ಟು ನೀರು, ಎಷ್ಟು ನಿಮಿಷ, ಯಾವ ಒಲೆ ಎಂದು ಕೇಳುತ್ತಾರೆ. ರಿವ್ಯೂಗೂ ಇದೇ ನಿಯಮ. ‘ಸೂಪರ್’ ಎನ್ನುವುದರ ಬದಲು, ‘ಆರು ತಿಂಗಳಿಂದ ಬಳಸುತ್ತಿದ್ದೇನೆ. ದೋಸೆ ಹಿಟ್ಟು ನುಣ್ಣಗಾಗುತ್ತದೆ. ಹತ್ತು ನಿಮಿಷ ಓಡಿಸಿದರೆ ಮೋಟಾರು ಬಿಸಿಯಾಗುತ್ತದೆ’ ಎಂದರೆ ಮೂರು ಚಿಕ್ಕ ವಾಕ್ಯಗಳಲ್ಲಿ ಎಲ್ಲವೂ ಬಂತು.

ಪಾಲಕರು ಮಕ್ಕಳಿಗೆ ಇದನ್ನೊಂದು ಅಭ್ಯಾಸವಾಗಿ ಕೊಡಬಹುದು. ಮನೆಯಲ್ಲಿರುವ ಒಂದು ವಸ್ತುವಿನ ಬಗ್ಗೆ ಐದು ವಾಕ್ಯ ಬರೆಯಲಿ. ಅದರಲ್ಲಿ ಎರಡಾದರೂ ಅಳತೆ ಇರಲಿ, ಒಂದು ಗುಣ, ಒಂದು ದೋಷ ಇರಲಿ. ಬರೆದದ್ದನ್ನು ಗಟ್ಟಿಯಾಗಿ ಓದಲಿ. ಕಣ್ಣಿಗೆ ಬೀಳದ ತಪ್ಪು ಕಿವಿಗೆ ಬೀಳುತ್ತದೆ. ಆಮೇಲೆ ಆ ವಸ್ತುವನ್ನು ನಿತ್ಯ ಬಳಸುವವರಿಗೆ ತೋರಿಸಿ, ‘ಇದು ನಿಜವೇ?’ ಎಂದು ಕೇಳಲಿ. ಕಾಗುಣಿತ ತಿದ್ದಲು ಯಂತ್ರವಿದೆ. ಈ ಕೊನೆಯ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಮನೆಯವರೇ.