ಕಾಗೆಯನ್ನೂ ಲೆಕ್ಕಕ್ಕೆ ತಂದ ಪ್ರಶ್ನೆ

ಕಂಡ ಹಕ್ಕಿಗಳ ವಿವರ ಕಳಿಸಿ, ವಿಜ್ಞಾನಕ್ಕೆ ನೆರವಾಗಿ. 2002ರಲ್ಲಿ ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ಮತ್ತು ಆಡುಬಾನ್ ಸೊಸೈಟಿ ಸೇರಿ 'ಇ-ಬರ್ಡ್' ಜಾಲತಾಣ ಶುರುಮಾಡಿದಾಗ ಜನರನ್ನು ಕರೆದದ್ದು ಹೆಚ್ಚುಕಡಿಮೆ ಹೀಗೆ. ಉದ್ದೇಶ ಒಳ್ಳೆಯದೇ, ಆದರೆ ಮೊದಲ ಕೆಲವು ವರ್ಷ ಎಣಿಸಿದಷ್ಟು ಜನ ಬರಲಿಲ್ಲ.

ಹಕ್ಕಿ ನೋಡುವವರಿಗೆ ಪಟ್ಟಿಯ ಹುಚ್ಚು. ಜೀವಮಾನದಲ್ಲಿ ಎಷ್ಟು ಜಾತಿ ಕಂಡೆ, ಈ ವರ್ಷ ಎಷ್ಟು, ನಮ್ಮೂರ ಕೆರೆಯಲ್ಲಿ ಎಷ್ಟು, ಪಕ್ಕದವನಿಗಿಂತ ಒಂದಾದರೂ ಹೆಚ್ಚೋ ಇಲ್ಲವೋ! 2005ರ ಸುಮಾರಿಗೆ ಇ-ಬರ್ಡ್ ಈ ಹುಚ್ಚಿಗೇ ಮಣೆ ಹಾಕಿತು. ನುರಿತ ಪಕ್ಷಿವೀಕ್ಷಕರನ್ನೇ ತಂಡಕ್ಕೆ ಸೇರಿಸಿಕೊಂಡು, ಪ್ರತಿಯೊಬ್ಬರ ಪಟ್ಟಿಗಳನ್ನೂ ತಾನೇ ಕಾಪಿಟ್ಟು, ಇತರರೊಂದಿಗೆ ಹೋಲಿಸಿ ತೋರಿಸತೊಡಗಿತು. ಜನ ಬಂದರು. ದೊಡ್ಡ ಧ್ಯೇಯವೊಂದೇ ಜನರನ್ನು ದಿನದಿನವೂ ಎಳೆದು ತರುತ್ತದೆ ಎಂದು ನಂಬುವ ಯೋಜಕರು ಈ ಕಥೆಯನ್ನು ಓದಬೇಕು.

ಪೈಪೋಟಿಗೆ ಒಂದು ಅಪಾಯವಿದೆ. ಅಪರೂಪದ ಹಕ್ಕಿಯನ್ನು ಎಲ್ಲರೂ ಬರೆಯುತ್ತಾರೆ, ಕಾಗೆ ಗೊರವಂಕಗಳನ್ನು ಯಾರೂ ಬರೆಯುವುದಿಲ್ಲ. ಆ ಮಾಹಿತಿಯನ್ನು ನಂಬಿದರೆ ಕಾಗೆಯೇ ಅಳಿವಿನಂಚಿನಲ್ಲಿದೆ ಎಂದುಕೊಳ್ಳಬೇಕಾದೀತು. ಇದಕ್ಕೆ ಇ-ಬರ್ಡ್ ಇಟ್ಟುಕೊಂಡಿರುವ ಮದ್ದು, ಪಟ್ಟಿ ಕಳಿಸುವಾಗ ಕೇಳುವ ಒಂದೇ ಪ್ರಶ್ನೆ: ನೀವು ಗುರುತಿಸಿದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ? 'ಹೌದು' ಎಂದರೆ ಅದು ಪೂರ್ಣ ಪಟ್ಟಿ. ಆಗ ಪಟ್ಟಿಯಲ್ಲಿ ಇಲ್ಲದ್ದೂ ಮಾಹಿತಿಯಾಗುತ್ತದೆ. ಕೋಗಿಲೆಯ ಹೆಸರಿಲ್ಲವೆಂದರೆ ಅವರಿಗೆ ಅದು ಕಾಣಲಿಲ್ಲ, ಕೇಳಲೂ ಇಲ್ಲ. ನೂರು ಪೂರ್ಣ ಪಟ್ಟಿಗಳಲ್ಲಿ ಎಷ್ಟರಲ್ಲಿ ಕೋಗಿಲೆ ಇದೆ ಎಂದು ವರ್ಷವರ್ಷ ನೋಡುತ್ತ ಹೋದರೆ ಅದರ ಏರಿಳಿತ ತಿಳಿಯುತ್ತದೆ.

ನಮ್ಮಲ್ಲಿ ಪಕ್ಷಿವೀಕ್ಷಕರ ಕೂಟ 'ಬರ್ಡ್ ಕೌಂಟ್ ಇಂಡಿಯಾ' ಇ-ಬರ್ಡ್‌ನ ಈ ಪಟ್ಟಿಗಳಿಗೆ ತಿಂಗಳ ಸವಾಲುಗಳನ್ನು ಜೋಡಿಸಿತು. ಕನಿಷ್ಠ 15 ನಿಮಿಷ ನೋಡಿ ಪೂರ್ಣ ಪಟ್ಟಿ ಕೊಟ್ಟರೆ ಸಾಕು, ಮಹಡಿಯ ಮೇಲೆ ಕಾಫಿ ಕುಡಿಯುತ್ತಲೂ ಮುಗಿಸಬಹುದು. ಹೀಗೆ ಸೇರಿದ ಒಂದು ಕೋಟಿಗೂ ಹೆಚ್ಚು ದಾಖಲೆಗಳಿಂದಲೇ 2020ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಬಂತು. ಗುಬ್ಬಚ್ಚಿ ಮಹಾನಗರಗಳಲ್ಲಿ ಇಳಿದಿದ್ದರೂ ಒಟ್ಟು ದೇಶದಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿದೆ ಎಂದು ತಿಳಿದದ್ದು, ಗುಬ್ಬಚ್ಚಿಯಂಥ ಮಾಮೂಲಿ ಹಕ್ಕಿಯನ್ನೂ ಬರೆದಿಟ್ಟ ಜನರಿಂದ.

ಒಂದು ಕೊರತೆ ಮಾತ್ರ ಇ-ಬರ್ಡ್‌ನ ಆ ಪ್ರಶ್ನೆಯಿಂದ ತುಂಬುವಂಥದ್ದಲ್ಲ. ಇಷ್ಟಬಂದಲ್ಲಿ ಹೋಗಿ ನೋಡಿ ಎಂದರೆ ಜನ ಕೆರೆಗೆ, ಕಾಡಿಗೆ ಹೋಗುತ್ತಾರೆ. ಬಸ್ ಡಿಪೋದ ಹಿಂಬದಿಯ ಖಾಲಿ ಸೈಟಿಗೆ ಯಾರು ಹೋಗುತ್ತಾರೆ? ಮೈಸೂರು ನಗರದ ಹಕ್ಕಿ ಭೂಪಟ ತಯಾರಿಸಿದವರು ಅದಕ್ಕೇ ಊರನ್ನು ಚೌಕಗಳಾಗಿ ಹಂಚಿ, ಸ್ವಯಂಸೇವಕರನ್ನು ಅಲ್ಲಿಗೇ ಕಳಿಸಿದರು.